ಒಗಟಿನ ಒಪ್ಪಂದ ಮತ್ತು ಹಳಹಳಿಕೆ: ಬೀದರ್ ಸೀಮೆಯ ಒಗಟುಗಳ ಬೆಳಕಿನಲ್ಲಿ ಹಳೆಯ ಮಾದರಿಯ ಸಾಹಸ ಆಟಗಳು

1

ಒಗಟು ಕೇಳುವವನಿಗೆ ಉತ್ತರ ಗೊತ್ತಿರುತ್ತದೆ. ಕೇಳಿಸಿಕೊಳ್ಳುವವನಿಗೆ ಉತ್ತರದ ವಸ್ತು ಗೊತ್ತಿರುತ್ತದೆ. ಅದೇ ಉತ್ತರವೆಂಬುದು ಮಾತ್ರ ಗೊತ್ತಿರುವುದಿಲ್ಲ. ಒಗಟಿನ ಸ್ವಾರಸ್ಯವೆಲ್ಲ ಈ ಎರಡು ಅರಿವುಗಳ ನಡುವಿನ ಅಂತರದಲ್ಲಿದೆ. ಬೀಸುಕಲ್ಲನ್ನು ಎಂದೂ ಕಾಣದ ಮಗುವಿಗೆ ಬೀಸುಕಲ್ಲಿನ ಒಗಟು ಹೇಳಿದರೆ ಅದು ಒಗಟಾಗುವುದಿಲ್ಲ, ಒಂದು ವಿಚಿತ್ರ ವಾಕ್ಯವಾಗಿ ಉಳಿಯುತ್ತದೆ. ಕೇಳುವವರೂ ಬಿಡಿಸುವವರೂ ಒಂದೇ ಲೋಕದ ವಸ್ತುಗಳನ್ನು ಬಲ್ಲವರಾಗಿರಬೇಕೆಂಬ ಈ ಮೌನ ಷರತ್ತನ್ನು 'ಒಗಟಿನ ಒಪ್ಪಂದ' ಎಂದು ಕರೆಯಬಹುದು. ಒಪ್ಪಂದ ಮುರಿದ ಮೇಲೂ ಒಗಟು ಉಳಿಯುತ್ತದೆಯೆ, ಉಳಿದರೆ ಯಾವ ರೂಪದಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆಯನ್ನು ಪರಸ್ಪರ ಬಹುದೂರದ ಎರಡು ಪ್ರಕಾರಗಳನ್ನು ಎದುರುಬದುರಾಗಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ. ಒಂದು, ಬೀದರ್ ನಗರ, ಭಾಲ್ಕಿ, ಔರಾದ್ ಭಾಗದ ಮನೆಮಾತಿನ ಒಗಟು. ಮತ್ತೊಂದು, ಕಂಪ್ಯೂಟರ್ ಪರದೆಯ ಮೇಲಿನ ಪಾಯಿಂಟ್ ಅಂಡ್ ಕ್ಲಿಕ್ ಸಾಹಸ ಆಟ.

ಈ ಆಟಗಳ ಸ್ವರೂಪವನ್ನು ಮೊದಲು ತಿಳಿಯುವುದು ಅವಶ್ಯ. ಇಲ್ಲಿ ಓಟವಿಲ್ಲ, ಗುಂಡು ಹಾರಿಸುವ ಚುರುಕುತನ ಬೇಕಿಲ್ಲ. ಪರದೆಯ ಮೇಲೆ ಒಂದು ಕೋಣೆ, ಬೀದಿ ಅಥವಾ ಕಾಡಿನ ಚಿತ್ರವಿರುತ್ತದೆ. ಆಡುವವರು ಮೌಸಿನಿಂದ ವಸ್ತುಗಳನ್ನು ತೋರಿಸಿ, ನೋಡು, ಎತ್ತಿಕೊ, ತೆರೆ, ಕೊಡು ಮೊದಲಾದ ಕ್ರಿಯಾಪದಗಳನ್ನು ಆರಿಸಿ, ಸಿಕ್ಕ ಸಾಮಾನುಗಳನ್ನು ಒಂದಕ್ಕೊಂದು ಕೂಡಿಸಿ ಎದುರಿನ ತೊಡಕನ್ನು ಬಿಡಿಸುತ್ತಾರೆ. ಒಂದು ತೊಡಕು ಬಿಡಿಸಿದರೆ ಕಥೆ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸ್ಥೂಲವಾಗಿ ಹೇಳುವುದಾದರೆ, ಇದು ಒಗಟುಗಳನ್ನು ಪೋಣಿಸಿ ಕಟ್ಟಿದ ಕಥೆ. ರಾಜಕುಮಾರಿಯ ಒಗಟು ಬಿಡಿಸಿ ರಾಜ್ಯ ಪಡೆಯುವ ಬಡಹುಡುಗನ ಕಥೆಗಳನ್ನು ಕೇಳಿ ಬೆಳೆದವರಿಗೆ ಈ ಹಂದರ ಅಪರಿಚಿತವೇನಲ್ಲ.

2

ಸಾಹಸ ಆಟದ ಹುಟ್ಟಿನಲ್ಲಿಯೇ ಸ್ಮೃತಿಯ ಅಂಶವಿದೆ. ಅಮೆರಿಕದ ವಿಲ್ ಕ್ರೌದರ್ ಎಂಬ ಪ್ರೋಗ್ರಾಮರ್ ಗುಹೆಗಳನ್ನು ಹೊಕ್ಕು ನಕ್ಷೆ ಮಾಡುವ ಹವ್ಯಾಸವುಳ್ಳವನಾಗಿದ್ದನು. ವಿವಾಹ ವಿಚ್ಛೇದನದ ನಂತರ ತನ್ನ ಹೆಣ್ಣುಮಕ್ಕಳಿಗಾಗಿ, ಕೆಂಟಕಿಯ ಮ್ಯಾಮತ್ ಗುಹೆಯ ನೆನಪನ್ನು ಕೇವಲ ಅಕ್ಷರಗಳಲ್ಲಿ ಕಟ್ಟಿದ ಆಟವೇ 1976ರ ಸುಮಾರಿಗೆ ಹೊರಬಂದ 'ಅಡ್ವೆಂಚರ್'. ಮರುವರ್ಷ ಡಾನ್ ವುಡ್ಸ್ ಅದನ್ನು ವಿಸ್ತರಿಸಿದನು. 1980ರಲ್ಲಿ ರೋಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿಗಳ 'ಮಿಸ್ಟರಿ ಹೌಸ್' ಈ ಪ್ರಕಾರಕ್ಕೆ ಚಿತ್ರಗಳನ್ನು ತಂದಿತು. 1987ರಲ್ಲಿ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನ್ನಿಕ್ ರೂಪಿಸಿದ 'ಮೇನಿಯಾಕ್ ಮ್ಯಾನ್ಶನ್' ಆಜ್ಞೆಗಳನ್ನು ಟೈಪು ಮಾಡುವ ಕಷ್ಟವನ್ನು ತಪ್ಪಿಸಿ, ಕ್ರಿಯಾಪದಗಳನ್ನು ಪರದೆಯ ಕೆಳಭಾಗದಲ್ಲಿಯೇ ಪಟ್ಟಿಮಾಡಿತು. 1990ರ 'ದಿ ಸೀಕ್ರೆಟ್ ಆಫ್ ಮಂಕಿ ಐಲೆಂಡ್', 1993ರ 'ಡೇ ಆಫ್ ದಿ ಟೆಂಟಕಲ್' ಮತ್ತು 'ಮಿಸ್ಟ್' ಈ ಪ್ರಕಾರದ ಏರುಗಾಲವನ್ನು ಸೂಚಿಸುತ್ತವೆ. 1990ರ ದಶಕದ ಕೊನೆಗೆ ಮಾರುಕಟ್ಟೆ ಇವನ್ನು ಬಹುಮಟ್ಟಿಗೆ ಕೈಬಿಟ್ಟಿತು.

ಮುಂದೆ 2012ರಲ್ಲಿ ಟಿಮ್ ಶೇಫರ್‌ನ ಡಬಲ್ ಫೈನ್ ಸಂಸ್ಥೆ ಹೊಸ ಸಾಹಸ ಆಟವೊಂದಕ್ಕೆ ಜನರಿಂದಲೇ 4 ಲಕ್ಷ ಡಾಲರ್ ಕೇಳಿದಾಗ 87 ಸಾವಿರಕ್ಕೂ ಹೆಚ್ಚು ಮಂದಿ ಸೇರಿ 33 ಲಕ್ಷಕ್ಕೂ ಹೆಚ್ಚು ಡಾಲರ್ ಕೊಟ್ಟರು. ಆಗ ಅವರೆದುರು ಆಟವಿರಲಿಲ್ಲ, ಕಥೆಯೂ ಇರಲಿಲ್ಲ. ಅವರು ಹಣ ಕೊಟ್ಟದ್ದು ಒಂದು ನೆನಪಿಗೆ. ಹಳಹಳಿಕೆ ಎಂಬ ಭಾವ ಒಂದು ಕಲಾಪ್ರಕಾರದ ಬಂಡವಾಳವಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ಆಟಗಳು ಅಲ್ಲಿ ಮನೆಮನೆಗೆ ಬಂದ ಕಾಲದಲ್ಲಿ ಬೀದರ್ ಜಿಲ್ಲೆಯ ಮನೆಗಳಲ್ಲಿ ಕಂಪ್ಯೂಟರ್ ತೀರ ಅಪರೂಪವಾಗಿತ್ತು. ಆದ್ದರಿಂದ ಇಲ್ಲಿಯ ಓದುಗರಿಗೆ ಆ ಆಟಗಳ ಬಗ್ಗೆ ಬಾಲ್ಯದ ನೆನಪಿಲ್ಲ. ವಿಮರ್ಶೆಯ ದೃಷ್ಟಿಯಿಂದ ಇದು ಕೊರತೆಯಲ್ಲ, ಅನುಕೂಲ. ಹಳಹಳಿಕೆಯನ್ನು ಕಳೆದ ಮೇಲೆ ಆಟದಲ್ಲಿ ಏನು ಉಳಿಯುತ್ತದೆ ಎಂಬುದನ್ನು ಹೊರಗಿನವರು ಹೆಚ್ಚು ನಿಷ್ಠುರವಾಗಿ ನೋಡಬಲ್ಲರು. ಅದೇ ನಿಷ್ಠುರತೆಯಿಂದ ತಮ್ಮ ಮನೆಯ ಒಗಟನ್ನೂ ನೋಡಬೇಕಾದ ಹೊಣೆ ಅವರ ಮೇಲೆ ಬೀಳುತ್ತದೆ.

3

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಭಾಗಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ ಮೊದಲಾದವು ಮುಂಬಯಿ ರಾಜ್ಯಕ್ಕೂ ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೂ ಸೇರಿದವು. ಗಡಿಗಳು ಬದಲಾದರೂ ಮನೆಮಾತುಗಳ ಬೆರಕೆ ಬದಲಾಗಲಿಲ್ಲ. ಕನ್ನಡದ ಒಗಟು, ಉರ್ದುವಿನ ಪಹೇಲಿ, ಮರಾಠಿಯ ಉಖಾಣಾ, ತೆಲುಗಿನ ಪೊಡುಪುಕಥೆ ಇಲ್ಲಿ ನೆರೆಹೊರೆಯವು. ಮದುವೆಮನೆಯಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಹುದುಗಿಸಿ ಹೇಳುವ ರೂಢಿಯನ್ನು ಕನ್ನಡದವರೂ ಮರಾಠಿಯವರೂ ಒಂದೇ ಸಂಭ್ರಮದಿಂದ ಪಾಲಿಸುತ್ತ ಬಂದಿದ್ದಾರೆ.

ಇಂತಹ ಬಹುಭಾಷಿಕ ನೆಲದಲ್ಲಿ ಒಗಟುಗಳನ್ನು ಎರಡು ಬಗೆಯಾಗಿ ವಿಂಗಡಿಸುವುದು ಉಪಯುಕ್ತ. ಮೊದಲನೆಯದು ವಸ್ತುವನ್ನು ನೆಚ್ಚಿದ ಒಗಟು. ಮೂರು ಕಾಲೂರಿ ನೆಲ ಗೀರುತ್ತ, ತಲೆಯಲ್ಲಿ ಹಾಕಿದ ಕಾಳನ್ನು ಕಾಲಿನಿಂದ ಬಿಡುವ ಪ್ರಾಣಿಯಾಗಿ ಕೂರಿಗೆಯನ್ನು ಕಲ್ಪಿಸಿದರೆ, ಅದೇ ಸಾಧನವನ್ನು ತಿಫಣ ಎಂದು ಕರೆಯುವ ಮರಾಠಿ ರೈತನೂ ಅದನ್ನು ಬಿಡಿಸಬಲ್ಲ. ಎರಡನೆಯದು ಪದವನ್ನು ನೆಚ್ಚಿದ ಒಗಟು. ಕನ್ನಡದ 'ಕಾಲು' ಎಂಬುದಕ್ಕೆ ಅಂಗವೆಂಬ ಅರ್ಥವೂ ನಾಲ್ಕರಲ್ಲಿ ಒಂದು ಪಾಲು ಎಂಬ ಅರ್ಥವೂ ಇದೆ. ಈ ಶ್ಲೇಷೆಯ ಮೇಲೆ ಕಟ್ಟಿದ ಒಗಟು ಮರಾಠಿಗೆ ದಾಟದು. ಅಲ್ಲಿ ಅಂಗಕ್ಕೆ ಪಾಯ, ಪಾಲಿಗೆ ಪಾವ ಎಂಬ ಬೇರೆಬೇರೆ ಪದಗಳಿವೆ. ವಸ್ತುವಿನ ಒಗಟು ಭಾಷೆಯ ಗಡಿ ದಾಟುತ್ತದೆ, ಆದರೆ ಕಾಲದ ಗಡಿಯಲ್ಲಿ ಸೋಲುತ್ತದೆ. ಪದದ ಒಗಟು ಕಾಲವನ್ನು ದಾಟಬಲ್ಲದು, ಭಾಷೆಯ ಗಡಿಯಲ್ಲಿ ನಿಲ್ಲುತ್ತದೆ.

ಒಗಟಿನ ಒಪ್ಪಂದ ಒಳಗಿನವರನ್ನು ಕೂಡಿಸುವಂತೆಯೇ ಹೊರಗಿನವರನ್ನು ದೂರವಿಡುತ್ತದೆ. ನಿಜಾಮ್ ಆಳ್ವಿಕೆಯಲ್ಲಿ ಉರ್ದು ಶಿಕ್ಷಣ ಮಾಧ್ಯಮವಾಗಿದ್ದಾಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದು ಈ ಸೀಮೆಯಲ್ಲಿ ಸರ್ವವಿದಿತ. ಹೊರಗಿನ ಮಾತೊಂದು, ಒಳಗಿನ ಅರ್ಥವೊಂದು. ಅರ್ಥ ತಿಳಿದವರು ಮಕ್ಕಳನ್ನು ಕಳಿಸಿದರು, ತಿಳಿಯಬಾರದವರು ಫಲಕ ಓದಿ ಮುಂದೆ ಹೋದರು. ಒಗಟಿನ ರಚನೆ ಇಲ್ಲಿ ಮನರಂಜನೆಯನ್ನು ಮೀರಿ ಭಾಷೆಯೊಂದರ ಉಳಿವಿಗೆ ಒದಗಿದೆ. ಈ ಭಾಗದಲ್ಲಿ ಒಗಟನ್ನು ಹಗುರವಾಗಿ ಕಾಣಲಾಗದಿರುವುದಕ್ಕೆ ಇದೂ ಒಂದು ಕಾರಣ.

4

ಸಾಹಸ ಆಟಗಳ ತೊಡಕುಗಳಿಗೂ ಇದೇ ಮಾನದಂಡವನ್ನು ಅನ್ವಯಿಸಿ ನೋಡಬಹುದು. 1991ರ 'ಮಂಕಿ ಐಲೆಂಡ್ 2'ರಲ್ಲಿ ಜಲಪಾತದ ಬಳಿಯ ಪಂಪನ್ನು ತಿರುಗಿಸಲು ಒಂದು ಸಾಧನ ಬೇಕು. ಅದಕ್ಕೆ ಆಡುವವರು ಪಿಯಾನೋ ನುಡಿಸುವ ಮಂಗವೊಂದನ್ನು ಮಂಕುಗೊಳಿಸಿ ಎತ್ತಿಕೊಂಡು ಬಂದು ಬಳಸಬೇಕು. ಅಮೆರಿಕದ ಇಂಗ್ಲಿಷಿನಲ್ಲಿ ಅಂತಹ ಹತಾರಕ್ಕೆ 'ಮಂಕಿ ರೆಂಚ್' ಎಂಬ ಹೆಸರಿದೆ. ತೊಡಕಿನ ತರ್ಕವೆಲ್ಲ ಆ ಹೆಸರಿನಲ್ಲಿದೆ. ಅದನ್ನು ಸ್ಪ್ಯಾನರ್ ಎನ್ನುವ ಇಂಗ್ಲೆಂಡಿನವರಿಗೇ ಇದು ಹೊಳೆಯುವುದು ಕಷ್ಟ. ಪಾನಾ ಎನ್ನುವ ಬೀದರಿನ ಗ್ಯಾರೇಜಿನವರಿಗಂತೂ ಹೊಳೆಯುವ ದಾರಿಯೇ ಇಲ್ಲ. ಪದವನ್ನು ನೆಚ್ಚಿದ ಒಗಟು ಗಡಿಯಲ್ಲಿ ನಿಲ್ಲುವುದಕ್ಕೆ ಇದು ಸರಿಯಾದ ಉದಾಹರಣೆ.

ಇನ್ನೊಂದು ಬಗೆಯ ದೋಷ 1999ರ 'ಗೇಬ್ರಿಯಲ್ ನೈಟ್ 3'ರಲ್ಲಿದೆ. ಮತ್ತೊಬ್ಬನ ಹೆಸರಿನಲ್ಲಿ ಮೋಟಾರ್ ಸೈಕಲ್ ಬಾಡಿಗೆಗೆ ಪಡೆಯಲು ನಾಯಕನು ಬೆಕ್ಕಿನ ಕೂದಲನ್ನು ಅಂಟುಪಟ್ಟಿಯಿಂದ ಸಂಗ್ರಹಿಸಿ, ಸಕ್ಕರೆಪಾಕದಂತಹ ಸಿರಪ್ಪಿನಿಂದ ಮುಖಕ್ಕೆ ಮೀಸೆಯಾಗಿ ಹಚ್ಚಿಕೊಳ್ಳಬೇಕು. ಸೋಜಿಗವೆಂದರೆ ಆ ಮತ್ತೊಬ್ಬನಿಗೆ ಮೀಸೆಯೇ ಇಲ್ಲ. ಅವನ ಗುರುತಿನ ಪತ್ರದ ಚಿತ್ರಕ್ಕೂ ಮೀಸೆ ಬರೆಯಬೇಕು. 2000ದಲ್ಲಿ ಎರಿಕ್ ವೋಲ್ಪಾ ಬರೆದ ವಿಡಂಬನೆ ಸಾಹಸ ಆಟಗಳ ಅವನತಿಗೆ ಇಂತಹ ತೊಡಕುಗಳೇ ಕಾರಣವೆಂದು ಆರೋಪಿಸಿತು. ಆರೋಪ ಸಂಪೂರ್ಣ ಸತ್ಯವಲ್ಲದಿದ್ದರೂ ಅದರ ತಿರುಳು ಗಮನಾರ್ಹ: ಇಲ್ಲಿ ಒಪ್ಪಂದವೇ ಇಲ್ಲ. ರಚಿಸಿದವರ ಮನಸ್ಸಿನ ಹೊರಗೆ ಈ ಉತ್ತರಕ್ಕೆ ಯಾವ ಲೋಕವೂ ಇಲ್ಲ.

ಸಾಮಾನುಗಳನ್ನು ಕೂಡಿಸುವುದು ವಿಚಿತ್ರವಾಗಿರುವುದೇ ದೋಷವೆಂದು ತಿಳಿಯಬೇಕಾಗಿಲ್ಲ. ಬಿದರಿ ಕೆಲಸವನ್ನೇ ನೋಡಬಹುದು. ಸತು ಮತ್ತು ತಾಮ್ರದ ಎರಕಕ್ಕೆ ಬೆಳ್ಳಿಯ ಕುಸುರಿ ಕೂರಿಸಿದ ಮೇಲೆ, ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿನೀರಿನ ದ್ರಾವಣದಿಂದ ಅದನ್ನು ಸಂಸ್ಕರಿಸುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಕೋಟೆಯ ಮಣ್ಣು ಪಾತ್ರೆಯ ಬಣ್ಣ ಬದಲಿಸುತ್ತದೆಂಬುದು ಹೊರಗಿನವನಿಗೆ ಬೆಕ್ಕಿನ ಕೂದಲಿನ ಮೀಸೆಯಷ್ಟೇ ಅಸಂಗತವಾಗಿ ಕಾಣಬಹುದು. ಆದರೆ ಕುಶಲಕರ್ಮಿಯ ಲೋಕದಲ್ಲಿ ಪ್ರತಿ ಹೆಜ್ಜೆಗೂ ಕುರುಹು ಇದೆ. ಮಳೆ ಬಿಸಿಲು ತಾಗದ ಜಾಗದ ಮಣ್ಣನ್ನು ಆತ ಹುಡುಕುತ್ತಾನೆ, ನಾಲಿಗೆಗೆ ಹಚ್ಚಿ ಅದರ ಗುಣ ಪರೀಕ್ಷಿಸುತ್ತಾನೆ. ವಿಚಿತ್ರವಾದುದು ನ್ಯಾಯವಾಗುವುದು ಹೀಗೆ: ಉತ್ತರದತ್ತ ಒಯ್ಯುವ ಕುರುಹುಗಳು ಆ ಲೋಕದೊಳಗೇ ಸಿಗಬೇಕು.

ಇದನ್ನು ಮೊದಲಿಗೆ ಸ್ಪಷ್ಟವಾಗಿ ನಿರೂಪಿಸಿದವರಲ್ಲಿ ಗಿಲ್ಬರ್ಟ್ ಒಬ್ಬ. 1989ರ ತನ್ನ ಲೇಖನದಲ್ಲಿ ಆತ ಸಾಹಸ ಆಟಗಳ ದೋಷಗಳನ್ನು ಪಟ್ಟಿಮಾಡುತ್ತಾನೆ. ಸಮಸ್ಯೆ ಕಾಣುವ ಮೊದಲೇ ಪರಿಹಾರ ಕೈಗೆ ಸಿಗಬಾರದು. ಕಂದಕ ಕಂಡ ಮೇಲೆ ಹಗ್ಗ ಸಿಗಬೇಕು. ಸತ್ತು ಸತ್ತು ಕಲಿಯುವಂತಿರಬಾರದು. ಹಿಂದೆ ಎತ್ತಿಕೊಳ್ಳದೆ ಬಿಟ್ಟ ವಸ್ತುವಿನಿಂದಾಗಿ ಮುಂದೆ ದಾರಿ ಮುಚ್ಚಬಾರದು. 1990ರ 'ಕಿಂಗ್ಸ್ ಕ್ವೆಸ್ಟ್ 5'ರಲ್ಲಿ ಹಸಿದ ನಾಯಕ ತನ್ನ ಬಳಿಯ ಕಡುಬನ್ನು ತಿಂದುಬಿಟ್ಟರೆ, ಮುಂದೆ ಎದುರಾಗುವ ಹಿಮಮಾನವನ ಮುಖಕ್ಕೆ ಎಸೆಯಲು ಏನೂ ಉಳಿಯುವುದಿಲ್ಲ. ಆಟ ಅಲ್ಲಿಗೆ ಮುಗಿದಂತೆ. ಈ ಕೊನೆಯ ನಿಯಮ ಏಕೆ ಬೇಕೆಂಬುದನ್ನು ಆ ಕಡುಬು ತಿಳಿಸುತ್ತದೆ.

ಗಿಲ್ಬರ್ಟ್‌ನ ನಿಯಮಗಳ ಫಲವನ್ನು ಮೊದಲ 'ಮಂಕಿ ಐಲೆಂಡ್'ನ ಕತ್ತಿವರಸೆಯಲ್ಲಿ ಕಾಣಬಹುದು. ಅಲ್ಲಿ ಗೆಲುವು ಕೈಚಳಕದಿಂದಲ್ಲ, ಬೈಗುಳಕ್ಕೆ ತಕ್ಕ ಮರುಮಾತಿನಿಂದ. ದಾರಿಯಲ್ಲಿ ಸಿಗುವ ಕಡಲುಗಳ್ಳರ ಎದುರು ಸೋಲುತ್ತಲೇ ಬೈಗುಳ ಮತ್ತು ಮರುಮಾತುಗಳನ್ನು ಕಲಿತು, ಕೊನೆಗೆ ಕತ್ತಿವರಸೆಯ ಗುರುವಿನ ಎದುರು, ಆಕೆ ಹಾಕುವ ಹೊಸ ಬೈಗುಳಗಳಿಗೆ ಹಳೆಯ ಮರುಮಾತುಗಳನ್ನೇ ಹೊಂದಿಸಬೇಕು. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿ ಮತ್ತು ನಾಗೇಶಿ ಪಂಗಡಗಳ ಸವಾಲು ಜವಾಬು ಕೇಳಿದವರಿಗೆ ಈ ಕ್ರಮ ಕೂಡಲೇ ಮನದಟ್ಟಾಗುತ್ತದೆ. ಹಾಡಿಕೆಯವರು ಸವಾಲಿಗೆ ಸಿದ್ಧರಾಗುವುದು ಅನೇಕ ರಾತ್ರಿಗಳ ಕೇಳ್ಮೆಯಿಂದ. ಆಟವು ಆ ಕೇಳ್ಮೆಯನ್ನು ತನ್ನೊಳಗೇ ಕಟ್ಟಿಕೊಟ್ಟಿದೆ. ಆದ್ದರಿಂದಲೇ ಕಡಲುಗಳ್ಳರ ಕಥೆಗಳ ಪರಿಚಯವಿಲ್ಲದವರೂ ಅದನ್ನು ಬಿಡಿಸಬಲ್ಲರು. ಒಪ್ಪಂದಕ್ಕೆ ಬೇಕಾದ ಲೋಕವನ್ನು ಹೊರಗಿನಿಂದ ಎರವಲು ತರುವ ಒಗಟು ಒಂದು, ತಾನೇ ಕಲಿಸಿಕೊಡುವ ಒಗಟು ಮತ್ತೊಂದು. ಎರಡನೆಯದಕ್ಕೆ ಆಯುಷ್ಯ ಹೆಚ್ಚು.

5

ಹಳಹಳಿಕೆ ಹುಟ್ಟುವುದು ಎರವಲು ಲೋಕ ಕಣ್ಮರೆಯಾದಾಗ. ಪಾಶ್ಚಾತ್ಯ ಭಾಷೆಗಳಲ್ಲಿ ಈ ಭಾವಕ್ಕಿರುವ ಹೆಸರನ್ನು 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ಊರ ಹಂಬಲದ ಕಾಯಿಲೆಗೆ ಇಟ್ಟನು. 2001ರಲ್ಲಿ ಸ್ವೆಟ್ಲಾನಾ ಬೋಯ್ಮ್ ಅದನ್ನು ಎರಡು ಬಗೆಯಾಗಿ ವಿಂಗಡಿಸಿದಳು: ಕಳೆದುದನ್ನು ಇದ್ದಂತೆಯೇ ಮತ್ತೆ ಕಟ್ಟಬಯಸುವುದು ಒಂದು, ಕಳೆದುದರ ಅಂತರವನ್ನು ಒಪ್ಪಿ ಅದರ ಬಗ್ಗೆ ಚಿಂತಿಸುವುದು ಇನ್ನೊಂದು. ಮರಳಿ ಬಂದ ಸಾಹಸ ಆಟಗಳಲ್ಲಿ ಎರಡೂ ಇವೆ.

ಗಿಲ್ಬರ್ಟ್ ಮತ್ತು ವಿನ್ನಿಕ್ ಜನರ ಹಣದಿಂದ ರೂಪಿಸಿ 2017ರಲ್ಲಿ ತಂದ 'ಥಿಂಬಲ್‌ವೀಡ್ ಪಾರ್ಕ್' ಮೇಲ್ನೋಟಕ್ಕೆ ಮೊದಲನೆಯ ಬಗೆಯದು. ಕಥೆ ನಡೆಯುವುದು 1987ರಲ್ಲಿ. ಚಿತ್ರಗಳು ದಪ್ಪ ಚುಕ್ಕೆಗಳವು. ಕ್ರಿಯಾಪದಗಳ ಪಟ್ಟಿ ಹಳೆಯ ಜಾಗದಲ್ಲಿಯೇ ಇದೆ. ಆದರೆ ಕೊನೆಗೆ ಪಾತ್ರಗಳಿಗೆ ತಾವು ಒಂದು ಆಟದೊಳಗಿದ್ದೇವೆಂಬ ಅರಿವಾಗುತ್ತದೆ. ಆ ಲೋಕವನ್ನು ಮುಚ್ಚುವುದೇ ಕೊನೆಯ ಕೆಲಸವಾಗುತ್ತದೆ. ಹಳಹಳಿಕೆಯ ಒಳಗಿನಿಂದಲೇ ಹಳಹಳಿಕೆಗೆ ವಿದಾಯ ಹೇಳುವ ಈ ಮುಕ್ತಾಯ ಅನೇಕರಿಗೆ ರುಚಿಸಲಿಲ್ಲವಾದರೂ ಅದು ಪ್ರಾಮಾಣಿಕವಾದುದು.

2022ರ 'ರಿಟರ್ನ್ ಟು ಮಂಕಿ ಐಲೆಂಡ್' ಇನ್ನೂ ಸ್ಪಷ್ಟವಾದ ಪರೀಕ್ಷೆ. ಅದರ ಚಿತ್ರಶೈಲಿ ಹಳೆಯ ಚುಕ್ಕೆಗಳದ್ದಾಗಿರದೆ ಹೊಸದಾಗಿತ್ತು. ಆಟ ಬರುವ ಮೊದಲೇ ಕೆಲವು ಅಭಿಮಾನಿಗಳು ಚಿತ್ರಗಳ ಬಗ್ಗೆ ಕಟುವಾಗಿ ಹರಿಹಾಯ್ದರು. ಅವರಿಗೆ ಬೇಕಾಗಿದ್ದುದು ಬಿಡಿಸುವ ಅನುಭವವಲ್ಲ, ಬಿಡಿಸಿದ ಕಾಲದ ಬಣ್ಣ. ಆಟದ ಒಳಗೆ ನಾಯಕ ಗೈಬ್ರಷ್ ತನ್ನ ಹಳೆಯ ಸಾಹಸವನ್ನು ಮಗನಿಗೆ ಹೇಳುತ್ತಾನೆ. ಹೇಳುವಾಗ ಕಥೆ ಸ್ವಲ್ಪ ಸ್ವಲ್ಪವಾಗಿ ಬದಲಾಗುತ್ತದೆ. ನೆನಪು ದಾಖಲೆಯಲ್ಲ, ಮತ್ತೊಬ್ಬರಿಗೆ ಹೇಳುವ ಕ್ರಿಯೆ ಎಂಬ ತಿಳಿವು ಅಲ್ಲಿದೆ. ಹಳಹಳಿಕೆ ಮೇಲ್ಮೈಯನ್ನು ಅಪ್ಪಿಕೊಂಡಾಗ ಒಗಟು ವಸ್ತುಸಂಗ್ರಹಾಲಯದ ಸಾಮಾನಾಗುತ್ತದೆ. ಹೇಳುವ ಕ್ರಿಯೆಯನ್ನು ಅಪ್ಪಿಕೊಂಡಾಗ ಅದು ಮತ್ತೆ ಒಗಟಾಗುತ್ತದೆ.

ಈ ವಿವೇಚನೆಯನ್ನು ಬೀದರ್ ಸೀಮೆಗೆ ತಿರುಗಿಸಿದರೆ ಸಮಸ್ಯೆಯ ತೀವ್ರತೆ ತಿಳಿಯುತ್ತದೆ. ಬೀಸುಕಲ್ಲು, ಒರಳು, ಕಂದೀಲು, ಹಗೇವು, ಕಡಗೋಲು ಇವು ದಿನಬಳಕೆಯಿಂದ ಸರಿದಂತೆ ಅವುಗಳ ಒಗಟು ಕೇಳುವ ಹಿರಿಯರಿಗೆ ನೆನಪಾಗಿಯೂ ಕೇಳಿಸಿಕೊಳ್ಳುವ ಕಿರಿಯರಿಗೆ ಪಾಠವಾಗಿಯೂ ಮಾರ್ಪಡುತ್ತವೆ. ಅಜ್ಜಿ ಒಗಟು ಹೇಳುತ್ತಾಳೆ, ಮೊಮ್ಮಗು ಸುಮ್ಮನಿರುತ್ತದೆ, ಅಜ್ಜಿ ತಾನೇ ಉತ್ತರ ಹೇಳಿ ವಸ್ತುವನ್ನು ವಿವರಿಸುತ್ತಾಳೆ. ಅಲ್ಲಿ ಪ್ರೀತಿಯಿದೆ, ಆಟವಿಲ್ಲ.

6

ಒಗಟುಗಳನ್ನು ಕಾಪಾಡುವ ಹೆಸರಿನಲ್ಲಿ ನಡೆಯುವ ಸಂಗ್ರಹಕಾರ್ಯ ಈ ನಷ್ಟವನ್ನು ತುಂಬಿಕೊಡುತ್ತದೆಯೆ ಎಂಬುದು ಕೊನೆಯ ಪ್ರಶ್ನೆ. ಒಗಟಿನ ಸಂಕಲನಗಳಲ್ಲಿ ಸಾಮಾನ್ಯವಾಗಿ ಒಗಟು, ಅದರ ಪಕ್ಕದಲ್ಲಿ ಅಥವಾ ಪುಸ್ತಕದ ಕೊನೆಯಲ್ಲಿ ಉತ್ತರ, ಇಷ್ಟೇ ಇರುತ್ತವೆ. ಅಲ್ಲಮಪ್ರಭುವಿನ ಬೆಡಗಿನ ವಚನಗಳ ವಿಷಯದಲ್ಲಿಯೂ ಇಂತಹುದೇ ಒಂದು ಇಕ್ಕಟ್ಟು ಉಂಟಾಯಿತು. ಮುಂದಿನ ಶತಮಾನಗಳ ಟೀಕಾಕಾರರು ಒಂದೊಂದು ಪ್ರತಿಮೆಗೂ ಒಂದೊಂದು ತಾತ್ತ್ವಿಕ ಅರ್ಥವನ್ನು ನಿಗದಿಪಡಿಸಿದರು. ಆ ಟೀಕೆಗಳಿಲ್ಲದೆ ಎಷ್ಟೋ ಬೆಡಗುಗಳ ಪರಿಭಾಷೆಯೇ ತಿಳಿಯುತ್ತಿರಲಿಲ್ಲವೆಂಬುದು ನಿಜ. ಆದರೆ ಕಲ್ಯಾಣದ ಅನುಭಾವಿಗಳ ಗೋಷ್ಠಿಯಲ್ಲಿ ಕೇಳುವವರನ್ನು ತಡೆದು ನಿಲ್ಲಿಸಬೇಕಾಗಿದ್ದ ಮಾತು ಅರ್ಥಪಟ್ಟಿಯ ಮುಂದೆ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆಂಬುದೂ ಅಷ್ಟೇ ನಿಜ.

ಸಾಹಸ ಆಟಗಳ ಪರಂಪರೆ ಈ ಇಕ್ಕಟ್ಟಿಗೆ ಒಂದು ಪರಿಹಾರ ಕಂಡುಕೊಂಡಿತ್ತು. 1980ರ ದಶಕದ ಮೊದಲ ಭಾಗದಲ್ಲಿ ಇನ್ಫೋಕಾಮ್ ಸಂಸ್ಥೆ ಪ್ರಕಟಿಸಿದ ಸುಳಿವಿನ ಪುಸ್ತಕಗಳಲ್ಲಿ ಪ್ರಶ್ನೆಗಳು ಮಾತ್ರ ಕಾಣುತ್ತಿದ್ದವು. ಉತ್ತರಗಳು ಕಾಣದ ಶಾಯಿಯಲ್ಲಿದ್ದು, ವಿಶೇಷ ಲೇಖನಿಯಿಂದ ಒಂದೊಂದೇ ಸಾಲನ್ನು ಉಜ್ಜಿ ಓದಬೇಕಾಗಿತ್ತು. ಮೊದಲ ಸಾಲು ಮಸುಕಾದ ಸುಳಿವು, ಮುಂದಿನದು ಇನ್ನಷ್ಟು ಸ್ಪಷ್ಟ, ಕೊನೆಯದು ಉತ್ತರ. 'ರಿಟರ್ನ್ ಟು ಮಂಕಿ ಐಲೆಂಡ್' ಇದೇ ಕ್ರಮದ ಸುಳಿವಿನ ಪುಸ್ತಕವನ್ನು ಆಟದೊಳಗೇ ಇರಿಸಿದೆ. ಇದು ಹೊಸ ಕಲ್ಪನೆಯೇನೂ ಅಲ್ಲ. ಒಗಟು ಹೇಳುವ ಹಿರಿಯರು ಮಾಡುವುದೂ ಇದನ್ನೇ: ಮನೆಯೊಳಗಿನದೊ ಹೊಲದಲ್ಲಿನದೊ ಎಂದು ಕೇಳಿದರೆ ಒಂದಿಷ್ಟು ಹೇಳುತ್ತಾರೆ, ತಪ್ಪು ಉತ್ತರ ಬಂದರೆ ಅದೇಕೆ ತಪ್ಪೆಂದು ತೋರಿಸುತ್ತಾರೆ, ಸೋಲೊಪ್ಪಿಕೊಂಡ ಮೇಲೆಯೇ ಗುಟ್ಟು ಬಿಡುತ್ತಾರೆ.

ಸಂಗ್ರಹಗಳಲ್ಲಿ ಕಾಣದಿರುವುದು ಈ ನಡುವಣ ಮಾತುಕತೆ. ಬೀದರ್, ಭಾಲ್ಕಿ, ಔರಾದ್ ಭಾಗಗಳ ಒಗಟುಗಳನ್ನು ಇನ್ನು ಮುಂದೆ ದಾಖಲಿಸುವವರು ಒಗಟು ಮತ್ತು ಉತ್ತರಗಳ ಜೊತೆಗೆ, ಬಂದ ತಪ್ಪು ಉತ್ತರಗಳನ್ನೂ ಕೊಟ್ಟ ಸುಳಿವುಗಳನ್ನೂ ಒಂದು ಭಾಷೆಯಲ್ಲಿ ಕೇಳಿದ್ದಕ್ಕೆ ಇನ್ನೊಂದು ಭಾಷೆಯಲ್ಲಿ ಬಂದ ಜವಾಬನ್ನೂ ಉತ್ತರದ ವಸ್ತುವಿನ ಬಳಕೆಯನ್ನೂ ಬರೆದಿಡಬೇಕಾಗಿದೆ. ಆಗ ಕೂರಿಗೆಯನ್ನು ಕಾಣದ ಮಗುವೂ ಸುಳಿವಿನಿಂದ ಸುಳಿವಿಗೆ ನಡೆದು ಕೂರಿಗೆಯನ್ನು ತಾನೇ ಕಂಡುಹಿಡಿಯಬಹುದು. ಎರವಲು ಲೋಕದ ಒಗಟು ತನ್ನ ಲೋಕವನ್ನು ತಾನೇ ಕಲಿಸುವ ಒಗಟಾಗಬಹುದು. ಉತ್ತರಗಳ ಪಟ್ಟಿ ಹಿರಿಯರ ಹಳಹಳಿಕೆಯನ್ನು ತಣಿಸೀತು. ಕಿರಿಯರಿಗೆ ಸಲ್ಲಬೇಕಾದುದು ಬಿಡಿಸುವ ಹಕ್ಕು.